ಪತ್ತ್ ಅಂದರೆ ಹತ್ತಲ್ಲ

ದಕ್ಷಿಣ ಕನ್ನಡದವನು ಅಂತ ಗೊತ್ತಾದ ಕೂಡಲೇ ನೀವೂ ಕಂಬಳದ ಓಟವನ್ನೇ ಕೇಳಿದಿರಿ. 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಹೌದು. ಓಟಗಾರ ಉಸೇನ್ ಬೋಲ್ಟ್‌ಗಿಂತ ವೇಗ ಅಂತ ಆಗ ಸುದ್ದಿಯೂ ಆಯಿತು. ಆದರೆ ಗೌಡರ ಮುಂದೆ ಎರಡು ಕೋಣಗಳಿದ್ದವು, ಬೋಲ್ಟ್‌ಗೆ ಆ ಭಾಗ್ಯ ಇಲ್ಲ. ಅದನ್ನು ಅಲ್ಲಿಗೇ ಬಿಡಿ. ಓದು, ಮನೆ, ಓಟ ಮೂರನ್ನೂ ಮಕ್ಕಳು ಹೇಗೆ ಸುಧಾರಿಸುತ್ತಾರೆ ಅಂತ ಕೇಳಿದ್ದಿರಲ್ಲ, ಅದಕ್ಕೆ ನನ್ನ ತಂಗಿಯ ಮಗಳ ಸಂಗತಿ ಹೇಳುತ್ತೇನೆ.

ಅವರ ಮನೆ ತಲಪಾಡಿಯಲ್ಲಿ. ಟೋಲ್‌ಗೇಟ್ ಕಳೆದರೆ ಕೇರಳ. ಭಾವ ಮೀನಿನ ಬೋಟಿಗೆ ಹೋಗುವವರು. ಜೂನ್, ಜುಲೈ ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲಿ. ಆಗ ಮನೆ ನಡೆಯುವುದು ತಂಗಿಯ ಬೀಡಿಯಿಂದ. ಹುಡುಗಿ ಎಲೆ ಕತ್ತರಿಸಿ ಕೊಡಬೇಕು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಬೀಡಿ ತೆಗೆದುಕೊಳ್ಳುವ ಕಡೆಗೆ, ಮುಟ್ಟಿಸಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಶಾಲೆಯಲ್ಲಿ ಓಟದ ತಯಾರಿ ಶುರುವಾಗುವುದೂ ಅದೇ ಮಳೆಯಲ್ಲಿ. ಜೋರು ಮಳೆಯೆಂದು ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ಮಕ್ಕಳು ಕುಣಿಯುತ್ತಾರೆ. ಆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನ ವಸೂಲಿ ಮಾಡುತ್ತಾರೆ. ಓಡಲಿಕ್ಕೆ ಅಂತ ಇದ್ದದ್ದು ಆ ಒಂದೇ ಮಧ್ಯಾಹ್ನ!

ಮಾರ್ಕಿನ ಹುಚ್ಚನ್ನೂ ಹೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ನಾವು ಎರಡನೆಯವರು. 2025ರಲ್ಲಿ ನಾವು ಮೊದಲು, ಉಡುಪಿ ಎರಡು. ದೊಡ್ಡವರ ಈ ಪೈಪೋಟಿಯನ್ನು ಹೊರುವವರು ಮಕ್ಕಳು: ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್. ಸಂಜೆಯದಕ್ಕೂ ಪಿ.ಟಿ. ಮಾಷ್ಟ್ರ ಪ್ರಾಕ್ಟೀಸಿಗೂ ಒಂದೇ ಹೊತ್ತು. ಇವಳು ಈ ವರ್ಷ ಹತ್ತನೇ ಕ್ಲಾಸು. ತಂಗಿ ಒಂದು ದಿನ "ಇನ್ನು ಓಟ ಸಾಕು" ಅಂದಳು. ಹುಡುಗಿ ಜಗಳ ಮಾಡಲಿಲ್ಲ. 200 ಮೀಟರ್ ಬಿಡುತ್ತೇನೆ, ರಿಲೇ ಬಿಡುವುದಿಲ್ಲ ಅಂದಳು. "ನಾನೊಬ್ಬಳು ಬಿಟ್ಟರೆ ಉಳಿದ ಮೂವರೂ ಮನೆಯಲ್ಲಿ ಕೂರಬೇಕಲ್ಲ, ಮಾಮ?"

ಆ ಮೂವರಲ್ಲಿ ಒಬ್ಬಳ ಮನೆಮಾತು ಬ್ಯಾರಿ, ಒಬ್ಬಳದು ಕೊಂಕಣಿ. ಇನ್ನೊಬ್ಬಳ ಅಪ್ಪ ಅಮ್ಮ ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. 4x100 ರಿಲೇಯಲ್ಲಿ ಬ್ಯಾಟನ್ ತೆಗೆದುಕೊಳ್ಳುವವಳು ಹಿಂದೆ ತಿರುಗಿ ನೋಡುವುದಿಲ್ಲ, ಕೂಗು ಕೇಳಿ ಕೈ ಚಾಚುತ್ತಾಳೆ. ಸಿಗುವ ಜಾಗ 30 ಮೀಟರ್, ಅದರೊಳಗೆ ಬ್ಯಾಟನ್ ಕೈ ದಾಟಬೇಕು. ಇವರ ಕೂಗು "ಪತ್ತ್!", ತುಳುವಿನಲ್ಲಿ ಹಿಡಿ ಅಂತ. ಆದರೆ ತುಳುವಿನಲ್ಲೇ ಹತ್ತಕ್ಕೂ ಪತ್ತ್, ಬ್ಯಾರಿಯಲ್ಲೂ ಹತ್ತು ಅಂದರೆ ಪತ್ತ್. ಹಳಗನ್ನಡದ ಪತ್ತು ಈಗ ಹತ್ತಾಗಿದೆಯಲ್ಲ, ಅದೇ ನಂಟು. ಗದಗದ ಹುಡುಗಿ ಮೊದಲ ವಾರವಿಡೀ "ಹತ್ತಕ್ಕೇ ಯಾಕ ನಿಲ್ಲಿಸ್ತೀರಿ, ಹನ್ನೊಂದು ಯಾವಾಗ?" ಅಂತ ಕೇಳುತ್ತಿದ್ದಳಂತೆ.

ಪ್ರಾಕ್ಟೀಸಿಗೆ ಹೊತ್ತಿಲ್ಲದ್ದಕ್ಕೆ ಅವರೇ ದಾರಿ ಹುಡುಕಿದ್ದಾರೆ. ಊಟದ ಬಿಡುವಿನಲ್ಲಿ ಶಾಲೆಯ ಜಗಲಿಯಲ್ಲಿ ಸಾಲಾಗಿ ನಡೆಯುತ್ತಾ ಪಿ.ವಿ.ಸಿ. ಪೈಪಿನ ತುಂಡನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಅದಕ್ಕೆ ಮೈದಾನ ಬೇಡ, ಮಳೆಯೂ ಅಡ್ಡಿಯಿಲ್ಲ. ಮಂಗಳೂರಲ್ಲಿ ಓದಿದ ಓಟಗಾರ್ತಿ ಪೂವಮ್ಮ 2014, 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದದ್ದೂ ರಿಲೇಯಲ್ಲೇ ಅಂತ ತಂಗಿಗೆ ಹೇಳಿ ನೋಡಿದೆ. "ಪೂವಮ್ಮ ಬೀಡಿ ಎಲೆ ಕತ್ತರಿಸಿದ್ದರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಈಗ ಬೀಡಿ ಬ್ರಾಂಚಿಗೆ ತಂಗಿ ತಾನೇ ಹೋಗುತ್ತಿದ್ದಾಳೆ.

ಭಾನುವಾರ ನಾಲ್ವರೂ ಓಡಲಿಕ್ಕೆ ಮಂಗಳೂರಿನ ಮಂಗಳಾ ಕ್ರೀಡಾಂಗಣಕ್ಕೆ ಬರುತ್ತಾರೆ. ನೋಡುವುದಾದರೆ ತಲಪಾಡಿಯಿಂದ ಸಿಟಿ ಬಸ್ಸು ಹತ್ತಿ ಸ್ಟೇಟ್‌ಬ್ಯಾಂಕಿನಲ್ಲಿ ಇಳಿಯಿರಿ. ಬ್ಯಾಂಕು ಹುಡುಕುತ್ತಾ ಹೋಗಬೇಡಿ ಮತ್ತೆ, ಬಸ್‌ಸ್ಟ್ಯಾಂಡಿಗೇ ನಾವು ಹಾಗೆ ಹೇಳುವುದು.