ಮಾವನ ಗ್ಯಾರೇಜಿನ ವಿಮಾನ

ಅರವತ್ತೆಂಟರ ಮಾವ ಅಮೆರಿಕದ ಓಹಾಯೋದ ಗ್ಯಾರೇಜಿನಲ್ಲಿ ಆರ್‌ವಿ-7 ಅನ್ನೋ, ಮನೆಯಲ್ಲೇ ಜೋಡಿಸುವ ಪುಟ್ಟ ವಿಮಾನದ ಕಿಟ್ ಬಿಚ್ಚಿಕೊಂಡು ಕೂತಿದ್ದಾರೆ, ಈ ವಯಸ್ಸಲ್ಲಿ ಹಾರಿಸಲು ಬಿಡುತ್ತಾರಾ, ಅಷ್ಟರಲ್ಲಿ ಮುಗಿಯುತ್ತಾ ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. ಅಮೆರಿಕದಲ್ಲಿ ಖಾಸಗಿ ಪೈಲಟ್‌ಗೆ ವಯಸ್ಸಿನ ಮಿತಿಯೇ ಇಲ್ಲ. ಪೈಲಟ್‌ನ ಆರೋಗ್ಯ ಪರೀಕ್ಷೆಗೆ 2017ರಿಂದ ಬೇಸಿಕ್‌ಮೆಡ್ ಅಂತ ಒಂದು ಸುಲಭದ ದಾರಿಯೂ ಇದೆ. ನಾಲ್ಕು ವರ್ಷಕ್ಕೊಮ್ಮೆ ಮಾಮೂಲಿ ಡಾಕ್ಟರ್ ತಪಾಸಣೆ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ.

ಮುಗಿಯುವ ವಿಷಯಕ್ಕೆ ಬಂದರೆ, ನಮ್ಮ ಹ್ಯಾಂಗರಿನಲ್ಲಿ, ಅಂದರೆ ವಿಮಾನದ ಶೆಡ್ಡಿನಲ್ಲಿ, ಇಂಥದ್ದೇ ಕಟ್ಟುತ್ತಿರುವ ಇಬ್ಬರು ತಾತಂದಿರಿದ್ದಾರೆ. ತಗಡುಗಳನ್ನು ಸೇರಿಸುವ ರಿವೆಟ್ ಮೊಳೆ ಹೊಡೆಯಲು ಸಾಮಾನ್ಯವಾಗಿ ಇಬ್ಬರು ಬೇಕು, ಒಬ್ಬರು ರಿವೆಟ್ ಗನ್ ಹಿಡಿದರೆ ಇನ್ನೊಬ್ಬರು ಹಿಂದಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಸದ್ದು ಜಾಸ್ತಿ ಅಂತ ಇಬ್ಬರೂ ಕಿವಿಯ ಮಷೀನು ತೆಗೆದಿಡುತ್ತಾರೆ.

"ಹೊಡೀಲಾ?"

"ಏನು?"

"ಹೊಡೀಲಾ ಅಂದೆ!"

"ಊಟಾನಾ? ಇಷ್ಟು ಬೇಗ?"

ಇಂಥ ರಿವೆಟ್‌ಗಳು ಸಾವಿರಾರು. ಆಮೇಲೆ ಪೈಲಟ್ ಮುಂದಿನ ಮೀಟರ್ ಪ್ಯಾನೆಲ್ ಕೆಳಗೆ ಅಂಗಾತ ಮಲಗಿ ವೈರ್ ಜೋಡಿಸುವ ಕೆಲಸ. ಒಳಗೆ ನುಗ್ಗಲು ಹತ್ತು ನಿಮಿಷ, ಎಬ್ಬಿಸಲು ಎರಡು ಆಳು. ಕೆಳಗಿಳಿದ ಮೇಲೆ ಸ್ಕ್ರೂಡ್ರೈವರ್ ಮೇಲೇ ಉಳಿದಿದ್ದು ಗೊತ್ತಾಗುತ್ತೆ. ಕನ್ನಡಕ ಹಣೆ ಮೇಲೇ ಇರುತ್ತೆ ಬಿಡಿ.

ಮನೆಯಲ್ಲಿ ಕಟ್ಟಿದ ಇಂಥ ವಿಮಾನದ ಮೇಲೆ 'ಎಕ್ಸ್‌ಪೆರಿಮೆಂಟಲ್' ಅಂತ ದಪ್ಪಕ್ಷರದಲ್ಲಿ ಬರೆಯುವುದು ಕಡ್ಡಾಯ. ಒಬ್ಬರ ಹೆಂಡತಿ ಅದನ್ನು ನೋಡಿ, "ಇವರ ಅಂಗಿ ಮೇಲೂ ಬರೀರಿ" ಅಂದರು. ಮೊದಲ 25 ಅಥವಾ 40 ಗಂಟೆಯ ಪರೀಕ್ಷಾ ಹಾರಾಟದಲ್ಲಿ ಸುಮ್ನೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ನಿಮ್ಮ ಅತ್ತೆಗೆ ನೆಪ ಹುಡುಕಲು ಟೈಮ್ ಇದೆ.

ನಿಮಗೆ ಮಾತ್ರ ಇಲ್ಲ. ಆ ಕಬ್ಬಿಣ ಹಿಡಿಯಲು ಅಳಿಯನೇ ಬೇಕು, ಅಲ್ವಾ? ಶನಿವಾರಗಳನ್ನು ಖಾಲಿ ಇಟ್ಟುಕೊಳ್ಳಿ.