ಅಮ್ಮನ ಗಾಬರಿ ನನಗೂ ಬಂತಾ?

ಪ್ರಶ್ನೆ: ನನಗೆ 26 ವರ್ಷ. ನಾನು ಚಿಕ್ಕವಳಿದ್ದಾಗಿನಿಂದ ಅಮ್ಮನಿಗೆ ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದಂತೆ ವಿಪರೀತ ಗಾಬರಿ ಮತ್ತೆ ಮತ್ತೆ ಬರುವ ಕಾಯಿಲೆ) ಇದೆ. ಹೋದ ತಿಂಗಳು ಲಿಫ್ಟ್‌ನಲ್ಲಿ ನನಗೂ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗ್ತೀನಿ ಅನ್ನಿಸಿತು. ಅವತ್ತಿನಿಂದ ಮೆಟ್ಟಿಲು ಹತ್ತುತ್ತಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಜೀನ್ ಟೆಸ್ಟ್ ಮಾಡಿಸಲಾ? ನನಗೆ ಮಗು ಬೇಡವಾ?

ಉತ್ತರ: ಟೆಸ್ಟ್ ಬೇಡ. ಪ್ಯಾನಿಕ್‌ಗೆ ಇಂಥದ್ದೇ ಅಂತ ಒಂದು ಜೀನ್ ಇಲ್ಲ. ಹಲವು ಜೀನ್‌ಗಳು ಸೇರಿ, ಒಂದೊಂದೂ ಚೂರುಚೂರು ಪ್ರಭಾವ ಬೀರುತ್ತವೆ. ನಿಮಗೆ ಬರುತ್ತೋ ಇಲ್ಲವೋ ಅಂತ ಹೇಳುವ ಟೆಸ್ಟ್ ಇಲ್ಲ.

ವಂಶದ ಪಾಲು ಇರುವುದು ನಿಜ, ಮುಚ್ಚಿಡುವುದಿಲ್ಲ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಕೆಲವು ಪಟ್ಟು ಜಾಸ್ತಿ. ಕುಟುಂಬಗಳ, ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2001ರ ವಿಶ್ಲೇಷಣೆಯೊಂದು ವಂಶದ ಪಾಲನ್ನು ಸುಮಾರು 43% ಅಂದಿತ್ತು. ಇದನ್ನು ಓದಿ 'ನನಗೆ 43% ಗ್ಯಾರಂಟಿ' ಅಂದುಕೊಳ್ಳಬೇಡಿ. ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲೆಷ್ಟು ಅಂತ ಮಾತ್ರ ಅದು ಹೇಳುತ್ತದೆ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರುವುದು ಎಷ್ಟೋ ಸಲ ಆಗುತ್ತದೆ. ಹಾಗಾಗಿ ಮಗು ಬೇಡ ಅನ್ನಲು ಇದು ಕಾರಣವೇ ಅಲ್ಲ.

ತಾಯಿಯಿಂದ ಬರುವುದು ಕಾಯಿಲೆಯಲ್ಲ, ಬೇಗ ಬಡಿದುಕೊಳ್ಳುವ ಎಚ್ಚರಿಕೆಯ ಗಂಟೆ. ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಿಸಿ ನೋಡಿದಾಗ, ಪ್ಯಾನಿಕ್ ಇರುವವರ ದೇಹ 'ಉಸಿರು ಕಟ್ತಿದೆ, ಓಡು' ಅಂತ ಬೇಗ ಕೂಗಿಕೊಳ್ಳುತ್ತದೆ. ಅವರ ಹತ್ತಿರದ ಸಂಬಂಧಿಕರಲ್ಲೂ ಇದು ಜಾಸ್ತಿ, ಅವರು ಆರೋಗ್ಯವಾಗಿದ್ದರೂ. ಇನ್ನೊಂದು ದಾರಿಯೂ ಇದೆ. ಅಮ್ಮ ಎದೆ ಹಿಡಿದು ಕೂತಾಗ ಪುಟ್ಟ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತು ನೋಡಿರುತ್ತಾಳೆ, ಅಲ್ವಾ? ಎದೆಬಡಿತ ಅಂದರೆ ಅಪಾಯ ಅಂತ ಅವಳು ಆಗಲೇ ಕಲಿತಿರಬಹುದು. ಇದರಲ್ಲಿ ಅಮ್ಮನ ತಪ್ಪೇನಿಲ್ಲ. ಕಲಿತದ್ದನ್ನು ಮರೆಯಲೂ ಕಲಿಯಬಹುದು.

ನನಗೆ ಚಿಂತೆ ಇರುವುದು ಮೆಟ್ಟಿಲಿನದು. ಒಂದು ಸಲ ಗಾಬರಿಯಾದರೆ ಅದು ಡಿಸಾರ್ಡರ್ ಅಲ್ಲ. ಆದರೆ ಅದಕ್ಕೆ ಹೆದರಿ ಲಿಫ್ಟ್ ಬಿಟ್ಟರೆ, ಆಮೇಲೆ ಬಸ್ಸು, ಆಮೇಲೆ ಗುಂಪು, ಹೀಗೆ ಭಯ ಬೆಳೆಯುತ್ತಾ ಹೋಗಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ ಹೃದಯ, ಥೈರಾಯ್ಡ್ ನೋಡಿಸಿಕೊಳ್ಳಿ. ಅಮ್ಮನ ವಿಷಯವನ್ನೂ ಹೇಳಿ. ಆಮೇಲೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಗೊತ್ತಿರುವ ಮನಶ್ಶಾಸ್ತ್ರಜ್ಞರನ್ನು ಕಾಣಿ. ಅವರ ಜೊತೆ ಸ್ವಲ್ಪ ಸ್ವಲ್ಪವಾಗಿ ಲಿಫ್ಟ್‌ಗೆ ಮರಳಿ. ಗಾಬರಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುವುದನ್ನು ನೀವೇ ನೋಡುತ್ತೀರಿ.

ಮತ್ತೆ, ಇವತ್ತು ರಾತ್ರಿ ಅಮ್ಮನಿಗೆ ಹೇಳಿಬಿಡಿ. ಲಿಫ್ಟ್‌ನಲ್ಲಿ ನಿಮಗೆ ಹೇಗಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲದ ಒಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ.