ಮೂರು ಹೆಸರು, ಒಬ್ಬರೇ ಯಜಮಾನರು

ಪತ್ರ: ಶಿವಮೊಗ್ಗದಲ್ಲಿ ನಮ್ಮದೊಂದು ಝೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರಿಗೆ ಮೊದಲು ಅವಾಸ್ಟ್ ಎಂಬ ಆಂಟಿವೈರಸ್ (ವೈರಸ್ ತಡೆಯುವ ಸಾಫ್ಟ್‌ವೇರ್) ಹಾಕಿಸಿದ್ದೆ. ಬೇಸರವಾಗಿ ಎವಿಜಿಗೆ ಹೋದೆ, ಆಮೇಲೆ ಅವಿರಾಗೆ. ಈಗ ನೋಡಿದರೆ ಮೂರೂ ಒಂದೇ ಕಂಪನಿಯವಂತೆ! ಇದು ಮೋಸ ಅಲ್ವಾ? ಕಂಪನಿ ಕೈ ಬದಲಾದರೆ ನಮಗೇನಾದರೂ ತೊಂದರೆ ಇದೆಯೇ?

ಉತ್ತರ: ನೀವು ಕೇಳಿದ್ದು ನಿಜ. ಮೂರೂ ಈಗ ಜೆನ್ ಡಿಜಿಟಲ್ ಎಂಬ ಕಂಪನಿಯವು. ನಾರ್ಟನ್ ಎಂಬ ಆಂಟಿವೈರಸ್ ಕೂಡ ಅದರದ್ದೇ, ಹಾಗಾಗಿ ಸಿಟ್ಟಿನಲ್ಲಿ ಅಲ್ಲಿಗೆ ಓಡಬೇಡಿ. 2016ರಲ್ಲಿ ಅವಾಸ್ಟ್ 130 ಕೋಟಿ ಡಾಲರ್ ಕೊಟ್ಟು ಎವಿಜಿಯನ್ನು ಕೊಂಡಿತು. ಅತ್ತ ನಾರ್ಟನ್‌ನವರು ಅವಿರಾವನ್ನು ಕೊಂಡರು. 2022ರಲ್ಲಿ ಅವಾಸ್ಟನ್ನೂ ಸೇರಿಸಿಕೊಂಡು ಜೆನ್ ಎಂದು ಹೆಸರಿಟ್ಟುಕೊಂಡರು. ಎಲ್ಲ ಬಹಿರಂಗವಾಗಿಯೇ ನಡೆದ ವ್ಯವಹಾರ. ಮೋಸ ಅನ್ನಲಾರೆ. ಆದರೆ ಹಳೆಯ ಬೋರ್ಡುಗಳನ್ನೆಲ್ಲ ಹಾಗೇ ನೇತುಹಾಕಿದ್ದಾರೆ ನೋಡಿ, ಅದರಲ್ಲಿ ಲೆಕ್ಕಾಚಾರ ಇಲ್ಲ ಅಂತ ಹೇಳಲು ನನಗೆ ಮನಸ್ಸಿಲ್ಲ.

ಯಾಕೆ ಹೀಗೆ ಕೊಳ್ಳುತ್ತಾರೆ? ವಿಂಡೋಸ್ ಜೊತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಬಿಟ್ಟಿಯಾಗಿ ಬರುತ್ತದೆ. ಹೊಸ ಗಿರಾಕಿ ಹುಡುಕುವುದು ಕಷ್ಟ. ವರ್ಷವರ್ಷ ದುಡ್ಡು ಕಟ್ಟುವ ಗಿರಾಕಿಗಳಿರುವ ಕಂಪನಿಯನ್ನೇ ಕೊಂಡುಬಿಡುವುದು ಸುಲಭ. ಹಾಗಂತ ಕೊಂಡವರೆಲ್ಲ ಉದ್ಧಾರವಾಗಲಿಲ್ಲ. 2010ರಲ್ಲಿ ಚಿಪ್ ಮಾಡುವ ಇಂಟೆಲ್ 768 ಕೋಟಿ ಡಾಲರಿಗೆ ಮೆಕಾಫಿ ಎಂಬ ಆಂಟಿವೈರಸ್ ಕಂಪನಿಯನ್ನು ಕೊಳ್ಳುತ್ತೇನೆ ಎಂದಿತು. ಆರು ವರ್ಷದ ನಂತರ ಅರ್ಧಕ್ಕಿಂತ ಜಾಸ್ತಿ ಪಾಲು ಮಾರಲು ಹೊರಟಾಗ ಇಡೀ ಕಂಪನಿಗೆ ಕಟ್ಟಿದ ಬೆಲೆ 420 ಕೋಟಿ ಡಾಲರ್!

ನಿಮ್ಮ ಎರಡನೇ ಪ್ರಶ್ನೆಗೆ ಸಿಸಿಕ್ಲೀನರ್ ಕತೆಯೇ ಉತ್ತರ. ಕಂಪ್ಯೂಟರಿನ ಕಸ ಗುಡಿಸುವ ಆ ಪುಟ್ಟ ಸಾಫ್ಟ್‌ವೇರನ್ನು ನೀವೂ ಬಳಸಿರಬಹುದು. ಅದನ್ನು ಮಾಡುತ್ತಿದ್ದ ಪಿರಿಫಾರ್ಮ್ ಎಂಬ ಬ್ರಿಟಿಷ್ ಕಂಪನಿಯನ್ನು 2017ರ ಜುಲೈನಲ್ಲಿ ಅವಾಸ್ಟ್ ಕೊಂಡಿತು. ಆಗಸ್ಟ್‌ನಲ್ಲಿ ಹೊಸ ಆವೃತ್ತಿ ಬಂತು. ಇದು ನಮ್ಮದೇ ಎಂದು ಸಾರುವ ಕಂಪನಿಯ ಅಸಲಿ ಡಿಜಿಟಲ್ ಸಹಿ, ಅಸಲಿ ವೆಬ್‌ಸೈಟ್. ಒಳಗೆ ಮಾತ್ರ ಕಳ್ಳ ಕೋಡ್. ಸುಮಾರು ಒಂದು ತಿಂಗಳು ಯಾರಿಗೂ ಸುಳಿವೇ ಹತ್ತಲಿಲ್ಲ. ಅಷ್ಟರಲ್ಲಿ 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಇಳಿದಾಗಿತ್ತು. ತನಿಖೆಯಲ್ಲಿ ಗೊತ್ತಾಗಿದ್ದೇನು? ಕಳ್ಳರು ಪಿರಿಫಾರ್ಮ್ ಒಳಗೆ ನುಗ್ಗಿದ್ದು ಮಾರ್ಚ್‌ನಲ್ಲಿ, ಉದ್ಯೋಗಿಯೊಬ್ಬರ ಕಂಪ್ಯೂಟರಿನಲ್ಲಿದ್ದ ಟೀಮ್‌ವ್ಯೂವರ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಮೂಲಕ. ಅಂದರೆ ಅವಾಸ್ಟ್ ಮನೆ ಕೊಳ್ಳುವಾಗಲೇ ಕಳ್ಳ ಅಟ್ಟದ ಮೇಲಿದ್ದ. ಕಳ್ಳರ ಕಣ್ಣಿದ್ದದ್ದು ದೊಡ್ಡ ಟೆಕ್ ಕಂಪನಿಗಳ ಮೇಲೆ. ಮೊದಲ ಕೋಡ್ ದಾರಿ ಮಾಡಿಕೊಟ್ಟ ಮೇಲೆ ಕಳಿಸುವ ಎರಡನೇ ಹಂತದ ಕೋಡ್ ಹೋಗಿದ್ದು ಬರೀ 40 ಕಂಪ್ಯೂಟರುಗಳಿಗೆ. ಉಳಿದ ಲಕ್ಷಾಂತರ ಜನ ಸುಮ್ನೆ ದಾರಿಯಲ್ಲಿ ಸಿಕ್ಕವರು.

ವೈರಸ್ ತಡೆಯುವುದೇ ಕಸುಬಾದವರಿಗೇ ಇದು ಕಾಣಲಿಲ್ಲ. ಕಂಪನಿ ಕೈ ಬದಲಾದಾಗ ನಿಮ್ಮ ಯಂತ್ರಕ್ಕೆ ಅಪ್‌ಡೇಟ್ ಕಳಿಸುವ ಹಕ್ಕೂ ಕೈ ಬದಲಾಗುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. 2024ರಲ್ಲಿ ಅಮೆರಿಕ ರಷ್ಯಾದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿಯ ಮಾರಾಟ ನಿಷೇಧಿಸಿದ ಮೇಲೆ ಅಲ್ಲಿನ ಗಿರಾಕಿಗಳನ್ನು ಬೇರೆ ಕಂಪನಿಯ ಅಲ್ಟ್ರಾಎವಿ ಎಂಬ ಆಂಟಿವೈರಸ್‌ಗೆ ದಾಟಿಸಲಾಯಿತು. ಎಷ್ಟೋ ಜನ ಕಂಪ್ಯೂಟರ್ ಆನ್ ಮಾಡಿದಾಗ ಕ್ಯಾಸ್ಪರ್‌ಸ್ಕಿ ಮಾಯವಾಗಿ ಆ ಹೊಸ ಹೆಸರು ಕೂತಿತ್ತು.

ಇನ್ನು ನಿಮ್ಮ ಅಂಗಡಿಯ ವಿಷಯ. ನನ್ನನ್ನು ಕೇಳಿದರೆ ಡಿಫೆಂಡರ್ ಸಾಕು, ಆಫ್ ಆಗಿಲ್ಲ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ನಿಮಗೆ ಅಪಾಯ ಜಾಸ್ತಿ ಇರುವುದು ಗಿರಾಕಿಗಳ ಪೆನ್‌ಡ್ರೈವ್‌ನಿಂದ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಒತ್ತಬೇಡಿ, ಮೊದಲು ಸ್ಕ್ಯಾನ್ ಮಾಡಿ. ಬಿಲ್ಲಿನ ಲೆಕ್ಕ ಇರುವ ಕಂಪ್ಯೂಟರಿಗೆ ಆ ಪೆನ್‌ಡ್ರೈವ್ ಚುಚ್ಚಲೇಬೇಡಿ. ಅವಿರಾಗೆ ದುಡ್ಡು ಕಟ್ಟಿದ್ದರೆ ಅವಧಿ ಮುಗಿಯುವವರೆಗೆ ಬಳಸಿ. ಆದರೆ ಅಕೌಂಟಿಗೆ ಹೋಗಿ ಆಟೋ ರಿನ್ಯೂವಲ್ ಇವತ್ತೇ ಆಫ್ ಮಾಡಿ. ಹಳೆಯ ಅವಾಸ್ಟ್, ಎವಿಜಿ ಏನಾದರೂ ಉಳಿದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ.

— ಸಂ.